ಕಣಜದಲ್ಲಿ ಉಳಿದಿದ್ದ ಉಪ್ಪಿನ ಮಾತು

ಹಿಂದೆ ನಾರ್ವೆಯಿಂದ ವಲಸೆ ಬಂದವರು ಕಟ್ಟಿಕೊಂಡ ನಮ್ಮ ವಿಕ್‌ಡಾಲಿನಲ್ಲಿ ಏನಾದರೂ ಕಳೆದುಹೋದರೆ ಜನ ಮೊದಲು ದೇವರಿಗೆ ಒಂದು ಮಾತು ಹೇಳಿ, ಆಮೇಲೆ ಆರ್ಲಿಸ್ ಟೋಲೆಫ್ಸನ್ ಮನೆಗೆ ಫೋನು ಮಾಡುತ್ತಿದ್ದರು. ದೇವರ ಉತ್ತರ ಅವನ ನಿಧಾನಕ್ಕೆ ಬರುವಂಥದ್ದು. ಆರ್ಲಿಸಳ ಉತ್ತರ ಒಂದು ಕಾಫಿ ಸೋರಿ ಇಳಿಯುವುದರೊಳಗೆ ಬರುತ್ತಿತ್ತು.

ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ಆರ್ಲಿಸ್. ಊರಿನ ಅರ್ಧ ಜನರ ಹಾಜರಿ ಬರೆದ ಕೈ ಅವಳದು. ಮನೆಗೆ ಬಂದ ಮೇಲೆ ಆ ಕೈಗೆ ಕೆಲಸವಿಲ್ಲದೆ ಕಡಿತ ಹತ್ತಿದಂತಾಗಿ, ಕಂಪ್ಯೂಟರಿಗೆ ಒಂದು ತಂತ್ರಾಂಶ ಹಾಕಿಸಿಕೊಂಡಳು. ಮನೆಯ ಕಾಗದಪತ್ರ, ಫೋಟೋ, ನೆನಪಿನ ಮಾತು, ಎಲ್ಲವನ್ನೂ ಅದರೊಳಗೆ ಸುರಿದು, ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿಟ್ಟರೆ ಮುಗಿಯಿತು. ಬೇಕೆಂದಾಗ ಒಂದು ಶಬ್ದ ಬರೆದರೆ ಸಂಬಂಧಪಟ್ಟದ್ದೆಲ್ಲ ಎದ್ದು ಬಂದು ಸಾಲಾಗಿ ನಿಲ್ಲುತ್ತಿತ್ತು. ಕಂಪನಿಯವರು ಅದಕ್ಕೆ ಏನೋ ಥಳುಕಿನ ಹೆಸರಿಟ್ಟಿದ್ದರು. ಗೋಧಿ ಬೆಳೆಯುವ ಮನೆಯಲ್ಲಿ ಹುಟ್ಟಿದ ಆರ್ಲಿಸ್ ಅದನ್ನು ಕಣಜ ಎಂದೇ ಕರೆದಳು. ಹಲ್ಲಿನ ಡಾಕ್ಟರ ರಸೀತಿ, ಹಿಮ ತಳ್ಳುವ ಯಂತ್ರದ ಗ್ಯಾರಂಟಿ, ಟೊಮೇಟೊ ಬೀಜದ ಪೊಟ್ಟಣದ ಚಿತ್ರ, ಕ್ರಿಸ್ಮಸ್ಸಿಗೆ ಯಾರ ಮನೆಯಿಂದ ಯಾವ ಕಾರ್ಡು ಬಂತು, ಎಲ್ಲವೂ ಕಣಜಕ್ಕೆ ಬಿತ್ತು.

ಅವಳ ಗಂಡ ಓರಿನ್ ಬಂದವರೆದುರು ಹೇಳುತ್ತಿದ್ದ. "ನಾನು ಸತ್ತರೆ ನನ್ನನ್ನೂ ಅದರೊಳಗೇ ಹಾಕ್ತಾಳೆ ಇವಳು. ಒಳ್ಳೇದೇ ಆಯ್ತು ಬಿಡಿ, ಹೂ ಹಿಡ್ಕೊಂಡು ಹಿಮದಲ್ಲಿ ಗೋರಿ ಹುಡುಕೋ ಕಷ್ಟ ಇಲ್ಲ."

"ನಿನ್ನ ಚೀಟಿ ಆಗಲೇ ಬರೆದಿಟ್ಟಿದೀನಿ, ಸಾಯೋದೊಂದು ಬಾಕಿ," ಎನ್ನುತ್ತಿದ್ದಳು ಆರ್ಲಿಸ್.

ಆ ವರ್ಷ ಶರತ್ಕಾಲದಲ್ಲಿ ನಮ್ಮ ಚರ್ಚಿನ ಹೆಂಗಸರು ಅಡುಗೆಯ ಪುಸ್ತಕ ಮಾಡಲು ಹೊರಟರು. ಅಜ್ಜಿಯರ ಕಾಲದಲ್ಲಿ ಒಂದು ಬಂದಿತ್ತು. ಅದರ ಹಾಳೆಗಳು ಬೆಣ್ಣೆಯ ಜಿಡ್ಡಿಗೆ ಪಾರದರ್ಶಕವಾಗಿ ಹೋಗಿದ್ದವು. ಹೊಸದು ಕ್ರಿಸ್ಮಸ್ಸಿನ ಮುಂಚಿನ ಸಂತೆಗೆ ಸಿದ್ಧವಾಗಬೇಕು. ಪಾದ್ರಿಯಮ್ಮ ಸಿಗ್ರಿಡ್, ಮತ್ತೊಬ್ಬರ ಹೆಸರು ಯಾರ ಬಾಯಿಂದಲೂ ಬರುವ ಮೊದಲೇ, "ಆರ್ಲಿಸ್, ನೀವಿದ್ದೀರಲ್ಲ" ಎಂದುಬಿಟ್ಟರು.

ಮನೆಮನೆಯಿಂದ ಅಡುಗೆಯ ವಿಧಾನಗಳು ಬಂದವು. ಒಬ್ಬರದು ಫೋಟೋ, ಒಬ್ಬರದು ಇಮೇಲು, ಒಬ್ಬರು ಫೋನಿನಲ್ಲಿ ಧ್ವನಿ ತುಂಬಿ ಕಳಿಸಿದರು, ಹಿನ್ನೆಲೆಯಲ್ಲಿ ನಾಯಿ ಬೊಗಳುತ್ತಿತ್ತು. ಆರ್ಲಿಸ್ ಎಲ್ಲವನ್ನೂ ಕೀಲಿಮಣೆಯಲ್ಲಿ ಕುಟ್ಟಿ, ಚೀಟಿ ಅಂಟಿಸಿ, ಕಣಜಕ್ಕೆ ಹಾಕಿದಳು. ತಪ್ಪಾದದ್ದು ಇಲ್ಲೇ. ಚರ್ಚಿನದಕ್ಕೆ ಬೇರೆಯೇ ಒಂದು ಖಾನೆ ತೆರೆಯುವ ಅನುಕೂಲ ಅದರಲ್ಲಿತ್ತು. ಒಂದು ಮನೆಗೆ ಎರಡು ಕಣಜ ಏಕೆ ಎಂದುಕೊಂಡು, ತನ್ನ ಮನೆಯ ಕಾಳಿನ ಮೇಲೆಯೇ ಊರಿನ ಕಾಳನ್ನೂ ಸುರಿದಳು.

ಎಲ್ಲ ತುಂಬಿದ ಮೇಲೆ ತಂತ್ರಾಂಶ ತಾನಾಗಿ ಕೇಳಿತು: ಇದರಲ್ಲಿ ಕೆಲವು ಒಂದೇ ಥರ ಕಾಣುತ್ತಿವೆ, ಸೇರಿಸಿಬಿಡಲೇ? ಆರ್ಲಿಸ್ ಮೊದಲಿನ ಕೆಲವನ್ನು ನೋಡಿದಳು. ನಿಂಬೆಯ ಸಿಹಿಯನ್ನು ಒಬ್ಬಾಕೆ ಮರೆತು ಎರಡು ಸಲ ಕಳಿಸಿದ್ದಳು. ರೈ ರೊಟ್ಟಿಯ ಫೋಟೋ ಎರಡು ಸಲ ಬಿದ್ದಿತ್ತು. ಹೊರಗೆ ಹಿಮ ಬೀಳುವ ಸೂಚನೆ ಇತ್ತು, ಹಿತ್ತಲಲ್ಲಿ ಕ್ಯಾರೆಟ್ಟು ಇನ್ನೂ ಮಣ್ಣಿನಲ್ಲೇ ಇತ್ತು. ಉಳಿದವೂ ಹೀಗೇ ಇರುತ್ತವೆ ಎಂದು "ಎಲ್ಲವನ್ನೂ ಸೇರಿಸು" ಎಂಬುದನ್ನು ಒತ್ತಿ, ಅಚ್ಚಿನ ಕರಡು ತೆಗೆದು, ಪುಸ್ತಕದ ಸಮಿತಿಯಲ್ಲಿದ್ದ ಹೆಂಗಸರೆಲ್ಲ ತೆರೆದು ನೋಡಬಹುದಾದ ಫೋಲ್ಡರಿಗೆ ಹಾಕಿ, ಗುದ್ದಲಿ ಹಿಡಿದು ಹೊರಗೆ ಹೋದಳು.

ಈಗ ಮಿರ್ನಾಳ ಮಾತು ಹೇಳಬೇಕು.

ಮಿರ್ನಾ ಹಾಲ್ವರ್ಸನ್ ಆರ್ಲಿಸಳ ಎದುರು ಮನೆಯವಳು, ಭಾನುವಾರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದ ಗೆಳತಿ. ಊರಿನಲ್ಲಿ ಯಾರ ಮನೆಯಲ್ಲಿ ಸಾವಾಗಲಿ, ಹೆರಿಗೆಯಾಗಲಿ, ಆಪರೇಷನ್ ಆಗಲಿ, ಮೊದಲು ಬಾಗಿಲು ತಟ್ಟುವುದು ಮಿರ್ನಾಳ ಹಾಟ್‌ಡಿಶ್. ಕಾಡಕ್ಕಿ, ಕೋಳಿ, ಅಣಬೆ, ಕೆನೆ ಎಲ್ಲ ಒಂದೇ ಅಗಲದ ಪಾತ್ರೆಯಲ್ಲಿ ಹರವಿ, ಒಲೆಯೊಳಗಿಟ್ಟು ಬೇಯಿಸಿದ್ದು. ಅದರ ಅಳತೆ ಅವಳ ತಾಯಿಯ ಗುಟ್ಟು. ರುಚಿಗೆ ಎರಡು ಮಾತಿಲ್ಲ. ಉಪ್ಪು ಮಾತ್ರ ಮುಂದು. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರಲ್ಲ, ನಮ್ಮೂರಿನವರು ನೀರನ್ನಷ್ಟೇ ಕುಡಿದರು, ಬಾಯಿ ಬಿಡಲಿಲ್ಲ. ದುಃಖದ ಮನೆಗೆ ಕೈಯಾರೆ ಹೊತ್ತು ತಂದವಳಿಗೆ ಉಪ್ಪಿನ ಲೆಕ್ಕ ಹೇಳುವುದುಂಟೆ?

ಹಿಂದೊಮ್ಮೆ ಓರಿನ್‌ನ ಎದೆ ಕುಯ್ದ ವಾರದಲ್ಲಿ ಮಿರ್ನಾ ಆಸ್ಪತ್ರೆಯ ಮೊಗಸಾಲೆಯಲ್ಲಿ ಆರ್ಲಿಸಳ ಪಕ್ಕ ಕೂತು, ಅವಳ ಮನಸ್ಸು ಬೇರೆಡೆಗೆ ತಿರುಗಲಿ ಎಂದು, ಆ ಗುಟ್ಟನ್ನು ಕಿವಿಯಲ್ಲಿ ಹೇಳಿದ್ದಳು. "ಭೂಮಿ ಮೇಲೆ ನಿನಗೊಬ್ಬಳಿಗೇ ಹೇಳ್ತಿರೋದು ಕಣೆ." ಆರ್ಲಿಸ್ ಮನೆಗೆ ಬಂದು ಅದನ್ನು ಕಣಜದಲ್ಲಿ ಬರೆದಿಟ್ಟಳು. ಕೊನೆಗೆ ತನಗಾಗಿ ಒಂದು ಸಾಲು ಸೇರಿಸಿದಳು: "ಉಪ್ಪು ಅರ್ಧಕ್ಕಿಳಿಸು. ಮಿರ್ನಾಗೆ ಹೇಳಬೇಡ."

ಆ ಗುಟ್ಟನ್ನು ಮಿರ್ನಾ ಈಗ ಚರ್ಚಿನ ಮೇಲಿನ ಪ್ರೀತಿಗೆ ತಾನೇ ಮನಸ್ಸು ಮಾಡಿ ಪುಸ್ತಕಕ್ಕೆ ಬರೆದು ಕಳಿಸಿದ್ದಳು. ತಂತ್ರಾಂಶ ಎರಡನ್ನೂ ನೋಡಿತು. ಒಂದೇ ಅಡುಗೆ, ಒಂದು ಹಳೆಯದು, ಒಂದು ಹೊಸದು. ಹಳೆಯದೇ ಮೂಲ ಇರಬೇಕು ಎಂದು ಅದರ ತರ್ಕ. ಹೊಸದನ್ನು ಮಡಿಸಿ ಹಳೆಯದರ ಅಡಿಗೆ ತಳ್ಳಿತು. ಕರಡಿನಲ್ಲಿ ಬಂದದ್ದು ಹೀಗೆ: ಕಾಡಕ್ಕಿಯ ಹಾಟ್‌ಡಿಶ್, ಆರ್ಲಿಸ್ ಟೋಲೆಫ್ಸನ್. ಅಡಿಯಲ್ಲಿ, ಒಂದಕ್ಷರವೂ ಬಿಡದೆ, ಆ ಕೊನೆಯ ಸಾಲು.

ಸಮಿತಿಯವರೆಲ್ಲ ಓದಿದರು. ಮಿರ್ನಾಳೂ ಓದಿದಳು. ಬೇರೆ ಊರಾಗಿದ್ದರೆ ಅಂದೇ ಬೀದಿಯಲ್ಲಿ ಎರಡು ಮಾತು ಆಗಿ ಮುಗಿಯುತ್ತಿತ್ತು. ನಮ್ಮವರು ದೇವರೆದುರೂ ತಲೆ ತಗ್ಗಿಸಿ ಸುಮ್ಮನೆ ಕೂರುವ ಜನ. ಒಬ್ಬಾಕೆ ಮಾತ್ರ ಧೈರ್ಯ ಮಾಡಿ ಆರ್ಲಿಸಳಿಗೆ ಬರೆದಳು: "ಕರಡು ನೋಡಿದೆ. ಬೇರೆ ಥರ ಇದೆ." ಅದಕ್ಕಿಂತ ಕಟುವಾದ ಮಾತು ವಿಕ್‌ಡಾಲಿನಲ್ಲಿ ಇಲ್ಲ. ಆದರೆ ಕ್ಯಾರೆಟ್ಟು ಕೀಳುವ ಗಡಿಬಿಡಿಯಲ್ಲಿದ್ದ ಆರ್ಲಿಸ್ ಅದನ್ನು ಹೊಗಳಿಕೆ ಎಂದುಕೊಂಡಳು.

ಭಾನುವಾರ ಮಿರ್ನಾ ತನ್ನ ಜಾಗ ಬಿಟ್ಟು ಆಚೆ ಬದಿಯ ಬೆಂಚಿನಲ್ಲಿ ಕೂತಳು. "ಕಿಟಕಿಯ ಚಳಿ ತಡೀಲಿಲ್ಲ" ಎಂದಳಂತೆ. ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕೂಡಿ ಉಣ್ಣುವ ಸಂಜೆ. ಮೇಜಿನ ನಡುವೆ ಮಿರ್ನಾಳ ಅಗಲ ಪಾತ್ರೆ ಬಂದು ಕೂತಿತು. ಅದರ ಮುಂದೆ ಒಂದು ಸಣ್ಣ ರಟ್ಟು, ಮೇಲೆ ಅಂದವಾದ ಅಕ್ಷರ: "ಆರ್ಲಿಸಳ ರೀತಿಯದು."

ಪ್ರಾರ್ಥನೆ ಮುಗಿದು ಜನ ಬಡಿಸಿಕೊಂಡರು. ಒಂದು ತುತ್ತು ಬಾಯಿಗಿಟ್ಟವರು ಪಕ್ಕದವರ ಮುಖ ನೋಡಿದರು. ಅದರಲ್ಲಿ ಉಪ್ಪು ಎಂಬುದೇ ಇರಲಿಲ್ಲ. ಅರ್ಧ ಇಳಿಸು ಎಂದಿದ್ದಕ್ಕೆ ಮಿರ್ನಾ ಪೂರ್ತಿ ಇಳಿಸಿದ್ದಳು.

"ಚೆನ್ನಾಗಿದೆ," ಎಂದರು ಒಬ್ಬರು.

"ಹೊಟ್ಟೆಗೆ ಹಗುರ," ಎಂದರು ಇನ್ನೊಬ್ಬರು.

"ಮಿರ್ನಾ, ಉಪ್ಪಿನ ಡಬ್ಬಿ ಎಲ್ಲಮ್ಮ?" ಎಂದು ಕಿವಿ ಕೇಳದ ಮುದುಕನೊಬ್ಬ ಇಡೀ ನೆಲಮಾಳಿಗೆಗೆ ಕೇಳುವಂತೆ ಕೂಗಿದ. ಅವನ ಹೆಂಡತಿ ಮೇಜಿನಡಿ ಅವನ ಕಾಲು ತುಳಿದಳು.

ಮಿರ್ನಾ ಮುಗುಳ್ನಕ್ಕಳು. "ಅದನ್ನ ಆರ್ಲಿಸ್‌ನ ಕೇಳಿ. ಈಗ ಉಪ್ಪಿನ ಖಾತೆ ಅವಳದು."

ಆರ್ಲಿಸ್ ಚಮಚ ಕೆಳಗಿಟ್ಟಳು, ಸಿಟ್ಟಿಗಲ್ಲ, ಭಯಕ್ಕೆ. ಮಿರ್ನಾಳ ತಾಯಿಗೂ ಈ ವಯಸ್ಸಿನಲ್ಲೇ ಮರೆವು ಹತ್ತಿತ್ತು. ಮಿರ್ನಾ ಮೊದಲು ಕೂರುವ ಜಾಗ ಮರೆತಳು, ಈಗ ಉಪ್ಪು, ಯಾರದೋ ಅಡುಗೆಗೆ ಯಾರದೋ ಹೆಸರು. ಊಟ ಮುಗಿದದ್ದೇ ಪಾದ್ರಿಯಮ್ಮನನ್ನು ಕೋಟು ತೂಗುಹಾಕುವ ಮೂಲೆಗೆ ಕರೆದಳು.

"ಮಿರ್ನಾ ಸರಿಯಾಗಿಲ್ಲ ಪಾದ್ರಿಯಮ್ಮ. ತಲೆಗೇನೋ ಆಗಿದೆ. ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು."

ಸಿಗ್ರಿಡ್ ಅವಳ ಮುಖವನ್ನೇ ನೋಡಿದರು. "ಆರ್ಲಿಸ್, ಆ ಕರಡನ್ನ ನೀವು ಕಳಿಸಿದ ಮೇಲೆ ಒಂದ್ಸಲವಾದ್ರೂ ಓದಿದ್ರಾ?"

"ಕ್ಯಾರೆಟ್ಟು..." ಎಂದಳು ಆರ್ಲಿಸ್.

"ನಾನು ನಿಮ್ಮಿಬ್ಬರದು ಏನೋ ತಮಾಷೆ ಅಂದ್ಕೊಂಡಿದ್ದೆ. ಮನೆಗೆ ಹೋಗಿ ಓದಿ."

ಮನೆಗೆ ಹೋಗಿ ಕಣಜದಲ್ಲಿ "ಉಪ್ಪು" ಎಂದು ಬರೆದಳು. ಎದ್ದು ಬಂದು ನಿಂತದ್ದನ್ನು ನೋಡಿ "ಉಫ್ ದಾ!" ಎಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಓರಿನ್ ಬಂದು ಹೆಗಲ ಮೇಲಿಂದ ಬಗ್ಗಿ ಓದಿದ.

"ಕಣಜ ಅಂದ್ಮೇಲೆ ಇಲಿ ಬಿದ್ದೇ ಬೀಳುತ್ತೆ ಅಂತ ನಾನು ಹೇಳಿದ್ದೆ," ಎಂದ.

"ಯಾವತ್ತು ಹೇಳಿದ್ದೆ?"

"ಮನಸ್ಸಲ್ಲಿ."

"ಅದೇ ನೋಡು ಈ ಊರಿನ ರೋಗ!"

ಸೇರಿಸಿದ್ದನ್ನು ಬಿಡಿಸುವ ದಾರಿಯೂ ಆ ತಂತ್ರಾಂಶದಲ್ಲಿತ್ತು. ಒತ್ತಿದಳು. ಮಿರ್ನಾಳದು ಅಡಿಯಿಂದ ಈಚೆ ಬಂತು. ಅದರ ಹಿಂದೆಯೇ ಮತ್ತೊಂದು ಜಾರಿತು. ಮತ್ತೊಂದು. ಮತ್ತೊಂದು. ಊರಿನ ಬೇರೆ ಬೇರೆ ಮನೆಗಳ ಹಾಟ್‌ಡಿಶ್‌ಗಳು, ಒಂದಕ್ಕೆ "ನಮ್ಮಜ್ಜಿಯ ಗುಟ್ಟು" ಎಂದಿತ್ತು, ಒಂದಕ್ಕೆ "ಅಜ್ಜಿಯ ಜೊತೆ ನಾರ್ವೆಯಿಂದ ಬಂದದ್ದು" ಎಂದಿತ್ತು. ಎಲ್ಲದರಲ್ಲೂ ಅದೇ ಅಕ್ಕಿ, ಅದೇ ಕೆನೆ, ಚಮಚದಷ್ಟೂ ವ್ಯತ್ಯಾಸವಿಲ್ಲದ ಅದೇ ಉಪ್ಪು. ಬೇರೆ ಸಮಯವಾಗಿದ್ದರೆ ಆರ್ಲಿಸ್ ನಕ್ಕುಬಿಡುತ್ತಿದ್ದಳು.

ಈಗ ಸುಲಭದ ದಾರಿ ಒಂದಿತ್ತು. ಹೆಸರು ತಿದ್ದಿ, ಆ ಸಾಲು ಅಳಿಸಿ, ಹೊಸ ಕರಡು ಹಾಕಿ ಸುಮ್ಮನಿದ್ದುಬಿಡುವುದು. ಊರೂ ಸುಮ್ಮನಿರುತ್ತಿತ್ತು. ಮಿರ್ನಾ ಮಾತ್ರ ಆಚೆ ಬದಿಯ ಬೆಂಚಿನಲ್ಲೇ ಕೂತು ಮುದುಕಿಯಾಗುತ್ತಿದ್ದಳು. ನಮ್ಮಲ್ಲಿ ಎಷ್ಟೋ ಸ್ನೇಹಗಳು ಸತ್ತದ್ದು ಹೀಗೆ, ಒಂದು ಕೂಗೂ ಇಲ್ಲದೆ, ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಹಾಗೆ. ಆರ್ಲಿಸ್ ಕೈ ಜೋಡಿಸಿ ಸ್ವಲ್ಪ ಹೊತ್ತು ಕೂತಳು. ಏನು ಬೇಡಿದಳೋ ನಾವು ಕೇಳಲಿಲ್ಲ. ಬೆಳಿಗ್ಗೆ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ದಾಟಿದಳು.

ಮಿರ್ನಾ ಬಾಗಿಲು ತೆರೆದಳು. ನಮ್ಮಲ್ಲಿ ಎಂಥ ಜಗಳದಲ್ಲೂ ಬಂದವರಿಗೆ ಕಾಫಿ ತಪ್ಪುವುದಿಲ್ಲ. ಕಾಫಿ ಬಂತು. ಜೊತೆಗೆ ತಿನ್ನಲು ಏನೂ ಬರಲಿಲ್ಲ. ಅದನ್ನು ಆರ್ಲಿಸ್ ಗಮನಿಸಿದಳು.

"ನಾನು ಕದ್ದಿಲ್ಲ ಮಿರ್ನಾ. ಯಂತ್ರ ಸೇರಿಸ್ಬಿಡ್ತು. ನನ್ನದನ್ನೂ ಊರಿನದನ್ನೂ ಒಂದೇ ಕಡೆ ಹಾಕಿದ್ದು ನನ್ನ ತಪ್ಪು."

"ಹೆಸರಿಗೆ ನಾನು ಅಳ್ತಿದೀನಿ ಅಂದ್ಕೊಂಡ್ಯಾ?" ಮಿರ್ನಾಳ ದನಿ ಸಣ್ಣಗಿತ್ತು. "ಹೆಸರು ನಿಂದೇ ಇರಲಿ, ಓರಿನ್ ಹೆಸರೇ ಹಾಕ್ಕೊ. ಆ ಆಸ್ಪತ್ರೆ ದಿನದಿಂದ ಇವತ್ತಿನವರೆಗೆ ನನ್ನ ಮೇಜಲ್ಲಿ ಕೂತು ಎಷ್ಟು ಸಲ ತಿಂದಿದೀಯ. ಪ್ರತಿ ಸಲ 'ಅದ್ಭುತ' ಅಂದೆ. ಉಪ್ಪು ಜಾಸ್ತಿ ಕಣೆ ಅಂತ ಒಂದು ಮಾತು ಬಾಯಲ್ಲಿ ಬರ್ಲಿಲ್ವಾ? ಯಂತ್ರಕ್ಕೆ ಹೇಳಿದೀಯ, ನನಗೆ ಹೇಳ್ಲಿಲ್ಲ."

ಆರ್ಲಿಸ್ ಲ್ಯಾಪ್‌ಟಾಪ್ ತೆರೆದು, ಕಣಜದಲ್ಲಿ "ಮಿರ್ನಾ" ಎಂದು ಬರೆದು, ಮೇಜಿನ ಮೇಲೆ ಅದನ್ನು ಗೆಳತಿಯ ಕಡೆಗೆ ತಿರುಗಿಸಿಟ್ಟಳು.

"ಓದು. ನಿನ್ನ ಬಗ್ಗೆ ನಾನು ಬರೆದಿಟ್ಟಿರೋದೆಲ್ಲ ಇಷ್ಟೆ. ಒಂದನ್ನೂ ಅಳಿಸಿಲ್ಲ."

ಮಿರ್ನಾ ಕನ್ನಡಕ ಹಾಕಿಕೊಂಡಳು. ಆರ್ಲಿಸ್ ಕಿಟಕಿಯಾಚೆ ನೋಡುತ್ತ ಕೂತಳು. ಬೀಟ್‌ರೂಟ್ ಹೇರಿದ ಲಾರಿಗಳು ಸಕ್ಕರೆ ಕಾರ್ಖಾನೆಯ ಕಡೆ ಹೋಗುತ್ತಿದ್ದವು.

"'ಮಿರ್ನಾಗೆ ಹಳದಿ ಬಣ್ಣ ಆಗೋದಿಲ್ಲ, ಹುಟ್ಟುಹಬ್ಬಕ್ಕೆ ತರಬೇಡ.' ಇದು ನಿಜ," ಎಂದಳು ಮಿರ್ನಾ. ಮತ್ತೆ ಓದಿದಳು. "'ಮಿರ್ನಾಳ ಮೊಣಕಾಲು: ಮೆಟ್ಟಿಲಿರೋ ಕಡೆ ಅವಳನ್ನ ಕರೀಬೇಡ, ಕರೆದ್ರೆ ಕಾರಣ ಹೇಳಬೇಡ.' ಅದಕ್ಕೇನಾ ಆ ವರ್ಷ ನಾಟಕದ ಬಾಲ್ಕನಿ ಟಿಕೆಟ್ಟು ವಾಪಸ್ ಕೊಟ್ಟಿದ್ದು? ತಲೆನೋವು ಅಂದಿದ್ದೆಯಲ್ಲೇ ನೀನು!"

"ಹೂಂ."

"'ಮಿರ್ನಾಳ ಗಂಡ ತೀರಿಕೊಂಡ ದಿನ. ಪ್ರತಿ ವರ್ಷ ಈ ದಿನ ಬೆಳಿಗ್ಗೆ ಏನಾದ್ರೂ ನೆಪ ಮಾಡ್ಕೊಂಡು ಅವಳ ಮನೆಗೆ ಹೋಗು.'" ಅಲ್ಲಿವರೆಗೆ ಓದಿ ಅವಳು ಆರ್ಲಿಸಳ ಕಡೆ ತಿರುಗಿದಳು. "ಸಕ್ಕರೆ ಕೇಳಕ್ಕೆ ಬರ್ತಿದ್ದೆ. ಇವಳ ಮನೇಲಿ ಯಾವಾಗ್ಲೂ ಸಕ್ಕರೆ ಮುಗಿಯೋದು ಆ ದಿನವೇ ಏಕೆ ಅಂತ ನಾನೂ ಯೋಚಿಸಿದ್ದೆ." ಮತ್ತೆ ಕೆಳಗೆ ಸರಿದಳು. ಅವಳ ಹುಬ್ಬು ಮೇಲೇರಿತು. "'ಕೀರ್ತನೆ ಹಾಡುವಾಗ ಮಿರ್ನಾಳ ಬಲಗಡೆ ನಿಲ್ಲಬೇಡ.' ಏನೇ ಇದು!"

"ನಿನ್ನ ದನಿ ಬಲಗಡೆಗೆ ಜೋರು."

"ದನಿಗೂ ಎಡ ಬಲ ಇರುತ್ತಾ?"

"ನಿನ್ನ ದನಿಗೆ ಇದೆ. ಪಾದ್ರಿಯಮ್ಮನ್ನ ಬೇಕಾದ್ರೆ ಕೇಳು."

ಮಿರ್ನಾ ತುಟಿ ಕಚ್ಚಿಕೊಂಡಳು. ಸಿಟ್ಟೋ ನಗುವೋ ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಅವಳ ಬೆರಳು ಕೆಳಗಿನ ಸಾಲಿಗೆ ತಾಕಿ, ಹಿಂದಿನ ಸಂಜೆ ಆರ್ಲಿಸ್ ಬಿಡಿಸಿಟ್ಟಿದ್ದ ಹಾಟ್‌ಡಿಶ್‌ಗಳೆಲ್ಲ ಪರದೆಯ ಮೇಲೆ ಸಾಲಾಗಿ ತೆರೆದುಕೊಂಡವು. ಬೇರೆ ಬೇರೆ ಹೆಸರು, ಒಂದೇ ಅಡುಗೆ. ಮಿರ್ನಾ ಥಟ್ಟನೆ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಕೈ ಹಾಕಿದಳು. ಆರ್ಲಿಸ್ ಆ ಕೈ ಹಿಡಿದುಕೊಂಡಳು.

"ಭೂಮಿ ಮೇಲೆ ನನಗೊಬ್ಬಳಿಗೇ ಅಂದಿದ್ದೆ."

ಮಿರ್ನಾಳ ಕಿವಿ ಕೆಂಪಾಯಿತು. "ಅಂದಿದ್ದೆ."

"ಇವರೆಲ್ಲ ಯಾವ ಭೂಮಿ ಮೇಲಿದ್ದಾರೆ?"

"ನಿನ್ನ ಥರಾನೇ ಕೂತಿದ್ರು ಕಣೆ, ಒಬ್ಬೊಬ್ಬರೂ," ಎಂದಳು ಮಿರ್ನಾ. "ಆ ಕಡೆ ಮನೆಯವಳ ಮಗು ಉಳೀಲಿಲ್ಲ. ಇನ್ನೊಬ್ಬಳ ಮನೆ ಸುಟ್ಟುಹೋಯ್ತು. ಏನು ಹೇಳಿ ಸಮಾಧಾನ ಮಾಡೋದು? ನನಗೆ ಮಾತು ಬರಲ್ಲ. ಗುಟ್ಟು ಹೇಳ್ತೀನಿ ಅಂದ್ರೆ ಎಂಥವರೂ ಅಳು ನಿಲ್ಲಿಸಿ ಕಿವಿ ಕೊಡ್ತಾರೆ. ನನ್ನ ಹತ್ರ ಇದ್ದದ್ದು ಅದೊಂದೇ ಗುಟ್ಟು."

ಆರ್ಲಿಸಳ ಭುಜ ಅಲುಗಿತು. ಅಳುತ್ತಾಳೆ ಎಂದು ಮಿರ್ನಾ ಬಗ್ಗಿ ನೋಡಿದರೆ ಅವಳು ನಗುತ್ತಿದ್ದಳು. "ನಾರ್ವೆಯಿಂದ ಬಂದದ್ದಂತೆ!" ಎಂದಳು ಉಸಿರು ಸಿಗದೆ. "ಎದುರು ಬೀದಿಯಿಂದ ಹೋಗಿದ್ದು ನಾರ್ವೆಯಿಂದ ಬಂತಂತೆ!" ಮಿರ್ನಾಳೂ ತಡೆಯಲಾರದೆ ಹೋದಳು. ಇಬ್ಬರು ಮುದುಕಿಯರೂ ಮೇಜಿಗೆ ತಲೆಯಿಟ್ಟು ನಕ್ಕರು. ನಗು ಇಳಿದ ಮೇಲೆ ಮಿರ್ನಾ ಎದ್ದು ಹೋಗಿ ಶುಂಠಿ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು.

"ಈಗ ಪುಸ್ತಕದಲ್ಲಿ ಏನು ಮಾಡೋಣ?" ಎಂದಳು ಆರ್ಲಿಸ್. "ಹೀಗೇ ಹಾಕಿದ್ರೆ ಪುಟ ತಿರುವಿದಷ್ಟೂ ಒಂದೇ ಹಾಟ್‌ಡಿಶ್ಶು. ಒಂದೇ ಹಾಕಿದ್ರೆ ಉಳಿದವರ ಮಾನ ಹೋಗುತ್ತೆ."

ಮಿರ್ನಾ ಬಿಸ್ಕತ್ತು ಕಡಿಯುತ್ತ ಯೋಚಿಸಿ, ಫೋನು ಎತ್ತಿಕೊಂಡಳು. ಮೊದಲು, ನಾರ್ವೆಯಿಂದ ಬಂದದ್ದು ಎಂದು ಬರೆದಿದ್ದವಳ ಮನೆಗೆ.

"ಹಲೋ. ನಿಮ್ಮಜ್ಜಿ ಮಾತಾಡ್ತಿದೀನಿ ಕಣಮ್ಮ, ನಾರ್ವೆಯಿಂದ."

ಆ ಕಡೆಯಿಂದ ಒಂದು ಸಣ್ಣ ಕೂಗು, ಆಮೇಲೆ ಬಡಬಡ ಕ್ಷಮೆ. ಮಿರ್ನಾ ಎಲ್ಲ ಕೇಳಿಸಿಕೊಂಡಳು. "ಇರಲಿ ಬಿಡೇ, ಅಜ್ಜಿಯ ಹೆಸರು ಹೇಳಿದ್ದೀಯ, ಬೈದಿಲ್ಲವಲ್ಲ. ನಾನು ಕೇಳ್ಬೇಕಾಗಿರೋದು ಬೇರೆ. ನೀನು ಮನೇಲಿ ಅದನ್ನ ಮಾಡುವಾಗ ಉಪ್ಪು ಎಷ್ಟು ಹಾಕ್ತೀಯ? ಬರೆದು ಕಳಿಸಿದ್ದನ್ನ ಹೇಳಬೇಡ, ಹಾಕೋದನ್ನ ಹೇಳು."

ಉತ್ತರ ಬರಲು ತಡವಾಯಿತು. ಬಂದ ಮೇಲೆ ಮಿರ್ನಾ "ಸರಿ" ಎಂದು ಫೋನಿಟ್ಟು ಮುಂದಿನ ಮನೆಗೆ ಹಚ್ಚಿದಳು. ಒಂದಾದ ಮೇಲೊಂದು ಎಲ್ಲ ಮನೆಗಳೂ ಆದವು. ಪ್ರತಿ ಸಲವೂ ಅದೇ ಮೌನ, ಅದೇ ಒಂದು ಶಬ್ದ. ಕೊನೆಯ ಫೋನು ಇಟ್ಟು ಮಿರ್ನಾ ಕುರ್ಚಿಗೆ ಒರಗಿದಳು.

"ಅರ್ಧ," ಎಂದಳು. "ಎಲ್ಲರೂ ಅರ್ಧ."

"ಎಲ್ಲರೂ?"

"ಊರಿಗೆ ಊರೇ. ಇಷ್ಟು ವರ್ಷ ನಾನು ಹೊತ್ತುಕೊಂಡು ಹೋಗಿದ್ದನ್ನ ಕಣ್ಣಲ್ಲಿ ನೀರು ಹಾಕ್ಕೊಂಡು ತಿಂದ್ರಲ್ಲ, ದುಃಖಕ್ಕೆ ಅಂದ್ಕೊಂಡಿದ್ದೆ." ಅವಳಿಗೆ ಮತ್ತೆ ನಗು ಬಂತು, ಈ ಸಲ ಮೆತ್ತಗೆ. "ಪಾಪ. ತಟ್ಟೇನೂ ಖಾಲಿ ಮಾಡ್ತಿದ್ರು ಕಣೆ ಒಬ್ಬೊಬ್ಬರೂ."

"ಪ್ರೀತಿಗೆ," ಎಂದಳು ಆರ್ಲಿಸ್.

"ಪ್ರೀತಿಗೇ ಇರಬೇಕು. ರುಚಿಗಂತೂ ಅಲ್ಲ."

ಅಂದು ಮಧ್ಯಾಹ್ನ ಇಬ್ಬರೂ ಕೂತು ಕಣಜದಲ್ಲಿ ಚರ್ಚಿಗೆಂದೇ ಬೇರೆ ಖಾನೆ ತೆರೆದು, ಊರಿನ ಕಾಳನ್ನು ಮನೆಯ ಕಾಳಿನಿಂದ ಬೇರ್ಪಡಿಸಿದರು. ಹಾಟ್‌ಡಿಶ್‌ಗೆ ಒಂದೇ ಪುಟ. ಮೇಲೆ ಮಿರ್ನಾಳ ಹೆಸರು, ಕೆಳಗೆ ಅದು ಹೊಕ್ಕ ಮನೆಗಳ ಹೆಸರುಗಳು. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆ, ಯಾವ ಕಾಲದಲ್ಲಿ ಹೋಯಿತು ಎಂಬುದು: ಮಗು ತೀರಿದಾಗ, ಮನೆ ಸುಟ್ಟಾಗ, ಓರಿನ್‌ನ ಎದೆ ಕುಯ್ದಾಗ. ನಾರ್ವೆಯವಳು ಅತ್ತೆಯ ಕಾಯಿಲೆಯ ಚಳಿಗಾಲವನ್ನು ತಾನೇ ಬರೆಸಿದಳು. ಉಪ್ಪಿನ ಅಳತೆಯನ್ನು ಮಿರ್ನಾ ತನ್ನ ಕೈಯಿಂದಲೇ, ಒಂದೇ ಬೆರಳಿನಲ್ಲಿ ಕುಟ್ಟಿ ತಿದ್ದಿದಳು. ಆ ಕರಡನ್ನು ಅಚ್ಚಿಗೆ ಕಳಿಸುವ ಮೊದಲು ಇಬ್ಬರೂ ಎರಡೆರಡು ಸಲ ಓದಿದರು.

ಆರ್ಲಿಸ್ ಕೋಟು ಹಾಕಿಕೊಂಡು ಹೊರಟಳು. ಮಿರ್ನಾ ಬಾಗಿಲವರೆಗೆ ಬಂದಳು.

"ಒಂದು ಮಾತು. ಇನ್ಮೇಲೆ ನನ್ನ ಬಗ್ಗೆ ಅದರೊಳಗೆ ಏನು ಬರೆದ್ರೂ, ಬರೆದ ದಿನವೇ ಬೀದಿ ದಾಟಿ ಬಂದು ನನಗೂ ಹೇಳ್ಬೇಕು."

"ಹೇಳ್ತೀನಿ."

"ಈಗೇನಾದ್ರೂ ಬಾಕಿ ಇದೆಯಾ?"

ಆರ್ಲಿಸ್ ಗೆಳತಿಯ ಹಿಂದೆ, ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. "ಆ ಶುಂಠಿ ಬಿಸ್ಕತ್ತು..."

"ಸಾಕು," ಎಂದಳು ಮಿರ್ನಾ, ಅವಳ ಕೋಟಿನ ಗುಂಡಿ ಹಾಕುತ್ತ. "ಇವತ್ತಿಗೆ ಒಂದು ಸಾಕು. ನಾಳೆ ಬಾ."